ರೈಟ್ರ ಪೆನ್ನಿಗೆ ಕತ್ತಿಯ ಕೊಕ್ಕೆ: ಡಿಜಿಟಲ್ ಪೆನ್ನಿನ ಮುಚ್ಚಳ, ಕ್ಲಿಪ್ ತಿದ್ದಿದ ಒಂದು ಪ್ರಕರಣ

ಸಕಲೇಶಪುರದಿಂದ ಹಾನುಬಾಳು ಕಡೆಗೆ ಹೋಗುವ ದಾರಿಯಲ್ಲಿ ಒಂದು ಕಾಫಿ ತೋಟ ಇದೆ. ಅಲ್ಲಿನ ರೈಟ್ರು ಫೆಬ್ರವರಿ ಕೊನೆಯಲ್ಲಿ ಹಾಸನಕ್ಕೆ, ನನ್ನ ವರ್ಕ್‌ಶಾಪಿಗೆ ಬಂದರು. ಕೈಯಲ್ಲಿ ಹಳೆಯ ಬಿಸ್ಕತ್ ಡಬ್ಬ. ಅದರೊಳಗೆ ನಾಲ್ಕು ಡಿಜಿಟಲ್ ಪೆನ್ನು, ಎರಡೇ ಮುಚ್ಚಳ, ಮುರಿದ ಕ್ಲಿಪ್ಪಿನ ಮೂರು ಚೂರು. "ಸಾರ್, ಪೆನ್ ಚೆನ್ನಾಗಿದೆ. ಇದರ ಟೋಪಿ ಒಂದು ಸರಿ ಮಾಡಿಕೊಡಿ" ಅಂದರು.

ಬಯಲುಸೀಮೆಯವರಿಗೆ ಒಂದು ಮಾತು ಹೇಳಬೇಕು. ಮಲೆನಾಡಿನ ತೋಟಗಳಲ್ಲಿ ರೈಟ್ರು ಅಂದರೆ ಕತೆ ಕವನ ಬರೆಯುವವರಲ್ಲ. ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ, ಗೊಬ್ಬರದ ಲೆಕ್ಕ, ಮಳೆಯ ಇಂಚು ಸೆಂಟು, ಎಲ್ಲವನ್ನೂ ಬರೆದಿಡುವವರು. ಕೊಯ್ಲಿನ ದಿನ ಸಂಜೆ ಎಲ್ಲರೂ ಚೀಲ ಹೊತ್ತು ತಂದು ತಕ್ಕಡಿಗೆ ಹಾಕುತ್ತಾರೆ. ರೈಟ್ರು ತೂಕ ಕೂಗಿ ಹೇಳಿ, ಬರೆದು ತೋರಿಸುತ್ತಾರೆ. ಕೂಲಿ ಕೆಜಿ ಲೆಕ್ಕದಲ್ಲಿ ಸಿಗುವುದರಿಂದ ಆ ಬರಹದ ಮೇಲೆ ಎಲ್ಲರ ಕಣ್ಣು ಇರುತ್ತದೆ.

ಅದಕ್ಕೇ ಸಾವ್ಕಾರ್ರು, ಅಂದರೆ ತೋಟದ ಮಾಲೀಕರು, ಫೋನ್ ಬಿಟ್ಟು ಡಿಜಿಟಲ್ ಪೆನ್ ತಂದಿದ್ದರು. ಫೋನಿನಲ್ಲಿ ಒತ್ತಿದ ಅಂಕಿ ಚೀಲ ಹೊತ್ತವರಿಗೆ ಕಾಣುವುದಿಲ್ಲ. ಒದ್ದೆ ಬೆರಳಿಗೆ ಟಚ್ ಕೆಲಸ ಮಾಡುವುದಿಲ್ಲ. ಪೆನ್ನಾದರೆ ಹಾಳೆಯ ಮೇಲೆ ಶಾಯಿ ಇರುತ್ತದೆ, ಎಲ್ಲರೂ ನೋಡಬಹುದು. ಅದೇ ಬರಹ ಬ್ಲೂಟೂತಿನಲ್ಲಿ ಆಫೀಸಿನ ಕಂಪ್ಯೂಟರಿಗೂ ಹೋಗುತ್ತದೆ. ಫೋನ್ ಹತ್ತಿರ ಇಲ್ಲದಿದ್ದರೆ ಪೆನ್ನೇ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು ಆಮೇಲೆ ಕೊಡುತ್ತದೆ. ನನಗೆ ಈ ಯೋಚನೆ ತುಂಬಾ ಹಿಡಿಸಿತು. ಜನರ ನಂಬಿಕೆ ಕೆಡಿಸದೆ ಲೆಕ್ಕ ಸುಲಭ ಮಾಡುವ ದಾರಿ ಇದು.

ಪೆನ್ ಕೆಲಸ ಮಾಡುವ ಬಗೆ ಗೊತ್ತಿಲ್ಲದೆ ಮುಚ್ಚಳ ಮಾಡಲು ಹೊರಟರೆ ತಪ್ಪಾಗುತ್ತದೆ. ಈ ಬಗೆಯ ಪೆನ್ನಿಗೆ ಚುಕ್ಕಿ ಅಚ್ಚು ಮಾಡಿದ ಹಾಳೆ ಬೇಕು. ಸ್ವೀಡನ್ನಿನ ಆನೋಟೊ ಕಂಪನಿ ರೂಪಿಸಿದ ವಿಧಾನ ಅದು. ಚುಕ್ಕಿಗಳ ನಡುವೆ ಸುಮಾರು 0.3 ಮಿ.ಮೀ. ಅಂತರ. ಪ್ರತಿ ಚುಕ್ಕಿಯೂ ತನ್ನ ಜಾಗದಿಂದ ಮೇಲೆ, ಕೆಳಗೆ, ಎಡಕ್ಕೆ ಅಥವಾ ಬಲಕ್ಕೆ ಒಂಚೂರು ಸರಿದಿರುತ್ತದೆ. 6ಕ್ಕೆ 6 ಚುಕ್ಕಿಯ ಒಂದು ಚೌಕ ಕಂಡರೆ ಸಾಕು, ತಾನು ಹಾಳೆಯಲ್ಲಿ ಎಲ್ಲಿದ್ದೇನೆ ಅಂತ ಪೆನ್ನಿಗೆ ತಿಳಿಯುತ್ತದೆ. ನಿಬ್ಬಿನ ಪಕ್ಕದ ಪುಟ್ಟ ಕಿಂಡಿಯ ಹಿಂದೆ ಇನ್‌ಫ್ರಾರೆಡ್ ಕ್ಯಾಮೆರಾ ಕೂತಿರುತ್ತದೆ. ರೀಫಿಲ್ ಹಿಂದೆ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ನಿಬ್ ಹಾಳೆಗೆ ಒತ್ತಿದ ಕೂಡಲೇ ಪೆನ್ ಎಚ್ಚರವಾಗಿ ಫೋಟೋ ತೆಗೆಯಲು ಶುರು ಮಾಡುತ್ತದೆ.

ಅಂದರೆ ಈ ಪೆನ್ನಿನ ಮೂತಿಯಲ್ಲಿ ಒಂದು ಕಣ್ಣಿದೆ, ಒಂದು ಸ್ವಿಚ್ಚಿದೆ. ಮುಚ್ಚಳ ಕಾಯಬೇಕಾದ್ದು ಇವೆರಡನ್ನು. ಶಾಯಿಯನ್ನಲ್ಲ. ಒಳಗಿರುವುದು ಡಿ1 ಅನ್ನುವ ಸಣ್ಣ ಬಾಲ್‌ಪೆನ್ ರೀಫಿಲ್, 67 ಮಿ.ಮೀ. ಉದ್ದದ್ದು. ಎಣ್ಣೆ ಬೆರೆತ ಆ ಶಾಯಿ ಮುಚ್ಚಳ ಇಲ್ಲದಿದ್ದರೂ ಬೇಗ ಒಣಗುವುದಿಲ್ಲ. ಇಂಕ್ ಪೆನ್ನಿಗೆ ಗಾಳಿಯಾಡದ ಮುಚ್ಚಳ ಬೇಕೇ ಬೇಕು, ಇದಕ್ಕೆ ಬೇಡ. ಆದರೆ ಇದನ್ನು ಮಾಡಿದವರು ಇಂಕ್ ಪೆನ್ನಿನ ಮುಚ್ಚಳವನ್ನೇ ಇದಕ್ಕೂ ಹಾಕಿದ್ದರು. ಎಲ್ಲ ತೊಂದರೆಯ ಬೇರು ಅಲ್ಲೇ ಇತ್ತು.

ದೂರುಗಳು

ರೈಟ್ರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆ. ಬೆಳಗ್ಗೆ ಫುಲ್ ಚಾರ್ಜ್ ಮಾಡಿದ ಪೆನ್ನು ಮಧ್ಯಾಹ್ನಕ್ಕೇ ಸತ್ತುಹೋಗುತ್ತದೆ, ಅಷ್ಟು ಹೊತ್ತಿಗೆ ಒಂದು ಪುಟವೂ ಬರೆದಿರುವುದಿಲ್ಲ. ಮಂಜು ಬಿದ್ದ ಬೆಳಗ್ಗೆ ಬರೆದ ಮೊದಲ ಹತ್ತು ಹೆಸರು ಕಂಪ್ಯೂಟರಿಗೆ ಬರುವುದಿಲ್ಲ. ಬಗ್ಗಿದಾಗ ಪೆನ್ ಬೀಳುತ್ತದೆ. ಮುಚ್ಚಳ ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ, ಬಿದ್ದರೆ ಮತ್ತೆ ಸಿಗುವುದಿಲ್ಲ. ಕ್ಲಿಪ್ ಮುರಿಯುತ್ತದೆ.

"ಇವೆಲ್ಲದಕ್ಕಿಂತ ಜಾಸ್ತಿ ಬೇಜಾರು ಯಾವುದು ರೈಟ್ರೇ?" ಅಂತ ಕೇಳಿದೆ. ಅವರು ಸ್ವಲ್ಪ ಯೋಚಿಸಿದರು. "ಒಂದು ಕೈಯಲ್ಲಿ ತಕ್ಕಡಿ ಹಿಡಿದಿರ್ತೀನಿ ಸಾರ್. ಮುಚ್ಚಳ ಬಾಯಲ್ಲಿ ಕಚ್ಚಿ ತೆಗೀಬೇಕು. ಆಮೇಲೆ ಅದನ್ನ ಎಲ್ಲಿಡ್ಲಿ?"

ಆ ಪ್ರಶ್ನೆ ಎಷ್ಟು ದೊಡ್ಡದು ಅಂತ ನನಗೆ ಆಗ ಹೊಳೆಯಲಿಲ್ಲ. ಹೊಳೆಯಲು ಮೂರು ತಿಂಗಳು ಹಿಡಿಯಿತು.

ಕುಂಕುಮದ ಪರೀಕ್ಷೆ

ಮೊದಲು ಬ್ಯಾಟರಿಯ ವಿಷಯ ಹಿಡಿದುಕೊಂಡೆ. ರಾತ್ರಿ ದೀಪ ಆರಿಸಿ, ಮುಚ್ಚಳ ಹಾಕಿದ ಪೆನ್ನನ್ನು ಮೇಜಿನ ಮೇಲೆ ಇಟ್ಟು ನೋಡುತ್ತಾ ಕೂತೆ. ಒಂದು ಪೆನ್ನಿನ ದೀಪ ಆರಿತು. ಇನ್ನೊಂದರದ್ದು ಆರಲೇ ಇಲ್ಲ. ಮುಚ್ಚಳವನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದೆ, ಸ್ವಲ್ಪ ಹೊತ್ತಿಗೆ ಆರಿತು. ಮತ್ತೆ ಒತ್ತಿದೆ, ಹತ್ತಿತು.

ಅನುಮಾನ ಖಚಿತ ಮಾಡಿಕೊಳ್ಳಲು ದೇವರ ಮನೆಯಿಂದ ಚಿಟಿಕೆ ಕುಂಕುಮ ತಂದೆ. ಒಂದು ಹನಿ ಎಣ್ಣೆಯಲ್ಲಿ ಕಲಸಿ ನಿಬ್ಬಿನ ತುದಿಗೆ ಮುಟ್ಟಿಸಿ, ಮುಚ್ಚಳ ಪೂರ್ತಿ ಒತ್ತಿ ತೆಗೆದೆ. ಆಮೇಲೆ ಮುಚ್ಚಳವನ್ನು ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗಿನ ತಳದಲ್ಲಿ ಕೆಂಪು ಬೊಟ್ಟು ಇತ್ತು. ನಿಬ್ಬು ತಳಕ್ಕೆ ತಾಗುತ್ತಿತ್ತು. ರೀಫಿಲ್ ಬದಲಿಸುವಾಗ ಅರ್ಧ ಮಿಲಿಮೀಟರ್ ಹೊರಗೆ ಉಳಿದರೂ ಸಾಕು, ಮುಚ್ಚಳವೇ ನಿಬ್ಬನ್ನು ಒತ್ತಿ ಹಿಡಿಯುತ್ತದೆ. ಯಾರೋ ಬರೆಯುತ್ತಿದ್ದಾರೆ ಅಂತ ಪೆನ್ ತಿಳಿಯುತ್ತದೆ. ಕತ್ತಲೆಯಲ್ಲೇ ಫೋಟೋ ತೆಗೆಯುತ್ತಾ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ರೈಟ್ರು ಸಾವ್ಕಾರ್ರ ಹತ್ತಿರ "ಚಾರ್ಜ್ ಹಾಕಲು ಮರೆತೆಯಾ" ಅಂತ ಎಷ್ಟು ಸಲ ಬೈಸಿಕೊಂಡಿದ್ದರೋ. ಸುಮ್ನೆ ಬೈಸಿಕೊಂಡಿದ್ದರು. ಫೋನ್ ಮಾಡಿ ವಿಷಯ ತಿಳಿಸಿದಾಗ ಅವರ ದನಿಯಲ್ಲಿದ್ದ ಸಮಾಧಾನ ನನಗೆ ಇನ್ನೂ ನೆನಪಿದೆ.

ಮಂಜಿನ ತೊಂದರೆಯೂ ಅದೇ ಸೀಳಿದ ಮುಚ್ಚಳದಲ್ಲಿ ಕಂಡಿತು. ಎಲ್ಲೂ ತೂತಿಲ್ಲ. ಒದ್ದೆ ಕೈಯಲ್ಲಿ ಹಿಡಿದ ಪೆನ್ನಿಗೆ ಮುಚ್ಚಳ ಹಾಕಿದರೆ ನೀರಿನ ಪಸೆ ಒಳಗೇ ಉಳಿಯುತ್ತದೆ. ರಾತ್ರಿ ತಣ್ಣಗಾದಾಗ ಅದು ಕ್ಯಾಮೆರಾ ಕಿಂಡಿಯ ಮೇಲೆ ಸಣ್ಣ ಹನಿಯಾಗಿ ಕೂರುತ್ತದೆ. ಬೆಳಗ್ಗೆ ಪೆನ್ನಿಗೆ ಚುಕ್ಕಿ ಕಾಣುವುದಿಲ್ಲ. ಅದು ಆರುವಷ್ಟರಲ್ಲಿ ಹತ್ತು ಹೆಸರು ಬರೆದು ಮುಗಿದಿರುತ್ತದೆ.

ಮುಚ್ಚಳಕ್ಕೆ ತೂತು ಬೇಕು ಅನ್ನುವುದಕ್ಕೆ ಇನ್ನೊಂದು ದೊಡ್ಡ ಕಾರಣ ಇದೆ. ಮಗು ಮುಚ್ಚಳ ಬಾಯಿಗೆ ಹಾಕಿಕೊಂಡು ಗಂಟಲಿಗೆ ಸಿಕ್ಕಿಸಿಕೊಂಡರೆ ಉಸಿರು ಕಟ್ಟುತ್ತದೆ. ತೂತಿದ್ದರೆ ಸ್ವಲ್ಪ ಗಾಳಿಯಾದರೂ ಆಡುತ್ತದೆ. 14 ವರ್ಷದೊಳಗಿನ ಮಕ್ಕಳು ಬಳಸುವ ಪೆನ್ನುಗಳ ಮುಚ್ಚಳಕ್ಕೆ ಐಎಸ್‌ಒ 11540 ಅನ್ನುವ ಅಂತರರಾಷ್ಟ್ರೀಯ ನಿಯಮ ಇರುವುದು ಇದಕ್ಕಾಗಿಯೇ. ಬಿಕ್ ಪೆನ್ನಿನ ಮುಚ್ಚಳದ ತುದಿಗೆ 1991ರಲ್ಲಿ ತೂತು ಬಂದಿದ್ದೂ ಇದೇ ಕಾರಣಕ್ಕೆ. ರೈಟ್ರ ಪೆನ್ನು ಮಕ್ಕಳದ್ದಲ್ಲ, ನಿಜ. ಆದರೆ ಆಳುಗಳು ಇರುವ ತೋಟದ ಲೈನ್ ಮನೆಗಳ ಸುತ್ತ ಪುಟ್ಟ ಮಕ್ಕಳು ಆಡುತ್ತಿರುತ್ತಾರೆ. ಕಳೆದುಹೋದ ಮುಚ್ಚಳಗಳು ಬಿದ್ದಿರುವುದೂ ಅಲ್ಲೇ. ತೂತಿಲ್ಲದ ಮುಚ್ಚಳ ನನ್ನ ಕೈಯಿಂದ ಆಚೆ ಹೋಗಬಾರದು ಅಂತ ಅವತ್ತೇ ನಿರ್ಧಾರ ಮಾಡಿದೆ.

ಕ್ಲಿಪ್ ಯಾಕೆ ಮುರಿಯಿತು

ಮೂರೂ ಚೂರು ಒಂದೇ ಜಾಗದಲ್ಲಿ ಮುರಿದಿದ್ದವು. ಕ್ಲಿಪ್ ಮುಚ್ಚಳಕ್ಕೆ ಸೇರುವ ಬುಡ. ಲೆನ್ಸ್ ಹಿಡಿದು ನೋಡಿದರೆ ಆ ಮೂಲೆ ಚೂಪಾಗಿತ್ತು, ಒಂಚೂರೂ ದುಂಡಗಿರಲಿಲ್ಲ.

ಕ್ಲಿಪ್ ಅಂದರೆ ಒಂದು ತುದಿ ಗೋಡೆಯಲ್ಲಿ ಹೂತ, ಇನ್ನೊಂದು ತುದಿ ಗಾಳಿಯಲ್ಲಿರುವ ಹಲಗೆ. ತುದಿ ಎತ್ತಿದರೆ ಬುಡ ಹಿಗ್ಗುತ್ತದೆ. ಎಷ್ಟು ಹಿಗ್ಗುತ್ತದೆ ಅನ್ನುವ ಲೆಕ್ಕ ಸುಲಭ. ದಪ್ಪವನ್ನು ತುದಿ ಎದ್ದ ಎತ್ತರದಿಂದ ಗುಣಿಸಬೇಕು, ಅದರ ಒಂದೂವರೆ ಪಟ್ಟು ತೆಗೆದುಕೊಂಡು ಉದ್ದದ ವರ್ಗದಿಂದ ಭಾಗಿಸಬೇಕು. ಹಳೆಯ ಕ್ಲಿಪ್ 30 ಮಿ.ಮೀ. ಉದ್ದ, 2 ಮಿ.ಮೀ. ದಪ್ಪ. ಅಂಗಿಯ ಜೇಬಿಗೆ ಸಿಗಿಸಿದಾಗ ತುದಿ 1 ಮಿ.ಮೀ. ಏಳುತ್ತದೆ ಅಂದುಕೊಳ್ಳಿ. ಆಗ ಬುಡ ಶೇ. 0.33ರಷ್ಟು ಹಿಗ್ಗುತ್ತದೆ. ಏನೂ ಆಗುವುದಿಲ್ಲ. ಆದರೆ ನಮ್ಮ ರೈಟ್ರು ಅದನ್ನು ಸಿಗಿಸುತ್ತಿದ್ದದ್ದು ಜರ್ಕಿನ್ನಿನ ಮಡಿಕೆಗೆ, ಅಥವಾ ಹಾಜರಿಯ ಚೆಕ್‌ರೋಲ್ ಬುಕ್ ಇಡುವ ಚೀಲದ ಪಟ್ಟಿಗೆ. ಅಲ್ಲಿ 4 ಮಿ.ಮೀ. ಏಳುತ್ತಿತ್ತು. ಹಿಗ್ಗುವುದು ಶೇ. 1.33 ಆಯಿತು. ಚೂಪು ಮೂಲೆಯಲ್ಲಿ ಎಳೆತ ಒಂದೇ ಕಡೆ ಸೇರಿಕೊಂಡು ಅದು ಇನ್ನೂ ಜಾಸ್ತಿಯಾಗುತ್ತದೆ. ದಿನಕ್ಕೆ ಮೂವತ್ತು ನಲವತ್ತು ಸಲ ಹೀಗೆ ಎಳೆದರೆ ಪ್ಲಾಸ್ಟಿಕ್ಕಿನಲ್ಲಿ ಬಿರುಕು ಬಿಡುತ್ತದೆ. ಮುರಿಯದಿದ್ದರೆ ಇನ್ನೊಂದು ತೊಂದರೆ. ಪ್ಲಾಸ್ಟಿಕ್ ಕ್ಲಿಪ್ಪನ್ನು ದಪ್ಪ ಪಟ್ಟಿಯ ಮೇಲೆ ದಿನವಿಡೀ ಬಿಟ್ಟರೆ ಅದು ಹಾಗೇ ಬಾಗಿ ಸಡಿಲವಾಗುತ್ತದೆ. ಮುರಿಯದೆ ಉಳಿದಿದ್ದ ನಾಲ್ಕನೆಯದಕ್ಕೆ ಆಗಿದ್ದು ಇದೇ.

ಜನ ಇಲ್ಲಿ ಕ್ಲಿಪ್ ದಪ್ಪ ಮಾಡಿ ಅನ್ನುತ್ತಾರೆ. ದಪ್ಪ ಮಾಡಿದರೆ ಬುಡ ಇನ್ನೂ ಹೆಚ್ಚು ಹಿಗ್ಗುತ್ತದೆ, ಲೆಕ್ಕವನ್ನೇ ನೋಡಿ. ಉದ್ದ ಮಾಡಬೇಕು, ತೆಳ್ಳಗೆ ಮಾಡಬೇಕು. ತೆಳ್ಳಗಾದರೆ ಹಿಡಿತ ಹೋಗುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಬಿಟ್ಟು ಸ್ಪ್ರಿಂಗ್ ಸ್ಟೀಲಿಗೆ ಹೋಗಬೇಕು.

ಮೊದಲ ಪ್ರಯತ್ನ ಕೆಟ್ಟಿದ್ದು

ಮೇ ತಿಂಗಳಲ್ಲಿ ಮೊದಲ ಮಾದರಿ ಮಾಡಿದೆ. ಮುಚ್ಚಳದ ತಳ ಆಳ ಮಾಡಿದೆ, ತೂತು ಇಟ್ಟೆ, ಕ್ಲಿಪ್ ಉದ್ದ ಮಾಡಿದೆ. 3ಡಿ ಪ್ರಿಂಟರಿನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ ಹಾಕಿ ತೆಗೆದೆ. ನಿಲ್ಲಿಸಿ ಪ್ರಿಂಟ್ ಮಾಡಿದ್ದು ತಪ್ಪಾಯಿತು. ಪದರಗಳು ಕ್ಲಿಪ್ಪಿಗೆ ಅಡ್ಡ ಬಂದವು, ಮೊದಲ ದಿನವೇ ಪದರ ಬಿಟ್ಟುಕೊಂಡಿತು. ಮಲಗಿಸಿ ಮಾಡಿದ್ದು ಗಟ್ಟಿಯಾಗಿ ಬಂತು. ಅದನ್ನು ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಟ್ಟು ಊಟಕ್ಕೆ ಹೋದೆವು. ಬಂದು ನೋಡಿದರೆ ಬಾಳೆ ಎಲೆಯ ಹಾಗೆ ಬಾಗಿತ್ತು. ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಆಕಾರ ನೋಡಲು ಸಾಕು, ಬಳಕೆಗೆ ಸಾಲದು.

ಆದರೂ ರೈಟ್ರಿಗೆ ಕೊಟ್ಟು ಒಂದು ವಾರ ಬಿಟ್ಟು ತೋಟಕ್ಕೆ ಹೋದೆ. ಬ್ಯಾಟರಿ ನಿಲ್ಲುತ್ತಿತ್ತು. ಕಿಂಡಿ ಒಣಗಿರುತ್ತಿತ್ತು. ಆದರೆ ಅವರು ಮುಚ್ಚಳವನ್ನು ಈಗಲೂ ಬಾಯಲ್ಲೇ ಕಚ್ಚಿ ತೆಗೆಯುತ್ತಿದ್ದರು. ಅವತ್ತು ಗೊಬ್ಬರದ ಚೀಲ ಎಣಿಸುತ್ತಿದ್ದಾಗ ಮುಚ್ಚಳ ಜಾರಿ ಚೀಲಗಳ ಸಂದಿಗೆ ಬಿತ್ತು. ಅರ್ಧ ಗಂಟೆ ಹುಡುಕಿದೆವು.

ಅಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ವಯಸ್ಸಾದವರು. ನೆರಳಿನ ಮರದ ಕೊಂಬೆ ಸವರಿ ಬಂದಿದ್ದರು. ನಮ್ಮ ಹುಡುಕಾಟ ನೋಡಿ, ಕೈಯಲ್ಲಿದ್ದ ಕತ್ತಿಯನ್ನು ಸೊಂಟಕ್ಕೆ ಕಟ್ಟಿದ್ದ ಕೊಕ್ಕೆಗೆ ಸಿಗಿಸಿಕೊಂಡರು. "ಕತ್ತಿ ತೆಗೆದ್ರೆ ಕೊಕ್ಕೆ ಸೊಂಟದಲ್ಲೇ ಇರುತ್ತೆ. ನಿಮ್ಮ ಪೆನ್ನಿಂದು ಕೊಕ್ಕೆನೂ ಕೈಗೆ ಬರುತ್ತಲ್ಲ ಸಾರ್" ಅಂದರು.

ನಾನು ಚೀಲದ ಮೇಲೆ ಕೂತುಬಿಟ್ಟೆ. ಎಷ್ಟು ಸರಿಯಾದ ಮಾತು! ಪೆನ್ನಿನ ಕ್ಲಿಪ್ ಸಾಮಾನ್ಯವಾಗಿ ಮುಚ್ಚಳದ ಮುಚ್ಚಿದ ತುದಿಯಲ್ಲಿ ಇರುತ್ತದೆ. ಜೇಬಿನಿಂದ ಎಳೆದರೆ ಮುಚ್ಚಳದ ಸಮೇತ ಬರುತ್ತದೆ. ಬಿಚ್ಚಲು ಎರಡನೇ ಕೈ ಬೇಕು, ಬಿಚ್ಚಿದ ಮೇಲೆ ಇಡಲು ಜಾಗ ಬೇಕು. ರೈಟ್ರು ಫೆಬ್ರವರಿಯಲ್ಲಿ ಕೇಳಿದ್ದ "ಎಲ್ಲಿಡ್ಲಿ" ಅನ್ನುವ ಪ್ರಶ್ನೆಗೆ ಉತ್ತರ ಮೇಸ್ತ್ರಿಯ ಸೊಂಟದಲ್ಲಿ ಇತ್ತು. ಮುಚ್ಚಳ ಪೆನ್ನಿನ ಜೊತೆ ಓಡಾಡಬಾರದು. ಮನುಷ್ಯನ ಮೈಮೇಲೆ ಇರಬೇಕು.

ತಿರುಗಿಸಿ ಹಾಕಿದ ಕ್ಲಿಪ್

ಹಾಸನಕ್ಕೆ ವಾಪಸ್ ಬರುವ ದಾರಿಯಲ್ಲೇ ಚಿತ್ರ ಬರೆದೆ. ಕ್ಲಿಪ್ಪಿನ ಬುಡವನ್ನು ಮುಚ್ಚಳದ ಬಾಯಿಯ ಹತ್ತಿರ ತಂದೆ, ಕ್ಲಿಪ್ಪಿನ ತುದಿ ತಳದ ಕಡೆ ಇಳಿಯುವ ಹಾಗೆ. ಈಗ ಪಟ್ಟಿಗೆ ಸಿಗಿಸಿದರೆ ಮುಚ್ಚಳದ ಬಾಯಿ ಮೇಲೆ ಬರುತ್ತದೆ. ಅದು ಒರೆಯಾಯಿತು. ಪೆನ್ನನ್ನು ನಿಬ್ ಕೆಳಗಾಗಿ ಇಳಿಸುವುದು, ಒಂದೇ ಕೈಯಲ್ಲಿ ಮೇಲಕ್ಕೆ ಎಳೆಯುವುದು. ಒರೆ ಪಟ್ಟಿಯಲ್ಲೇ ಉಳಿಯುತ್ತದೆ.

ಎದೆಯ ಜೇಬು ಬೇಡ ಅಂತಲೂ ಆಗಲೇ ತೀರ್ಮಾನವಾಯಿತು. ಒರೆಯಿಂದ ಪೆನ್ ಎತ್ತರಕ್ಕೆ ನಿಲ್ಲುವುದರಿಂದ ಬಗ್ಗಿದಾಗ ಕೆನ್ನೆಗೆ ಚುಚ್ಚುತ್ತದೆ. ಚೀಲದ ಪಟ್ಟಿ, ಇಲ್ಲವೇ ಸೊಂಟದ ಬೆಲ್ಟು. ಅಂಗಿ ಜೇಬಿಗೆ ಹಾಕಿಕೊಂಡು ಆಫೀಸಿಗೆ ಹೋಗುವವರಿಗೆ ಈ ವಿನ್ಯಾಸ ಹೊಂದುವುದಿಲ್ಲ. ನಾನು ಮಾಡಿದ್ದು ಒಬ್ಬ ರೈಟ್ರ ಕೆಲಸಕ್ಕೆ, ಅದರಲ್ಲಿ ನನಗೆ ಯಾವ ಹಿಂಜರಿಕೆಯೂ ಇಲ್ಲ.

ಪೆನ್ನಿನ ಮೈಗೆ ಒಂದು ಗೀರೂ ಹಾಕಬಾರದು ಅನ್ನುವುದು ನಮ್ಮ ಕಟ್ಟಳೆ. ಒಳಗೆ ಬ್ಯಾಟರಿ ಇದೆ. ಹಳೆಯ ಮುಚ್ಚಳ ಕೂರಲು ಮೈಮೇಲೆ ಇದ್ದ ಸಣ್ಣ ಕಾಲುವೆಯನ್ನೇ ಬಳಸಿದೆವು. ಒರೆಯ ಬಾಯಿಗೆ ಉದ್ದಕ್ಕೆ ಮೂರು ಸೀಳು ಕೊಟ್ಟೆವು. ಮೂರು ಬೆರಳು ಹಿಡಿದ ಹಾಗೆ ಆಯಿತು. ಪ್ರತಿ ಬೆರಳಿನ ಒಳಗೆ ಒಂದು ಪುಟ್ಟ ಉಬ್ಬು, ಅದು ಕಾಲುವೆಗೆ ಕೂತು ಟಕ್ ಅನ್ನುತ್ತದೆ. ಸೀಳಿನಿಂದ ಬಾಯಿಗೆ ಬಳುಕು ಬಂತು, ಜೊತೆಗೆ ಗಾಳಿಯೂ ಆಡಿತು. ತಳದಲ್ಲಿ ಇನ್ನೊಂದು ದೊಡ್ಡ ತೂತು. ಮಳೆ ನೀರು, ದೂಳು, ಒಣ ಎಲೆಯ ಪುಡಿ ಅಲ್ಲಿಂದ ಇಳಿದು ಹೋಗುತ್ತದೆ. ಒರೆಯ ಬಾಯಿ ಆಕಾಶ ನೋಡುವುದರಿಂದ ಅದಿಲ್ಲದೆ ನಡೆಯುವುದೇ ಇಲ್ಲ.

ಪೆನ್ ಎಲ್ಲಿ ನಿಲ್ಲಬೇಕು ಅನ್ನುವುದು ಮುಖ್ಯ. ನಿಬ್ ಮೇಲೆ ನಿಲ್ಲಬಾರದು, ಭುಜದ ಮೇಲೆ ನಿಲ್ಲಬೇಕು. ಪೆನ್ನಿನ ಮೈ ಸಣ್ಣಗಾಗಲು ಶುರುವಾಗುವ ಜಾಗಕ್ಕೆ ಒರೆಯೊಳಗೆ ಒಂದು ಮೆಟ್ಟಿಲು ಮಾಡಿದೆವು. ನಿಬ್ಬಿನ ಕೆಳಗೆ 2 ಮಿ.ಮೀ. ಖಾಲಿ ಬಿಟ್ಟೆವು. ರೀಫಿಲ್ ಸ್ವಲ್ಪ ಹೊರಗಿದ್ದರೂ ತಾಗುವುದಿಲ್ಲ. ಕ್ಯಾಮೆರಾ ಕಿಂಡಿಯ ಮಟ್ಟದಲ್ಲಿ ಒಳಗೋಡೆಯನ್ನು ಅರ್ಧ ಮಿಲಿಮೀಟರ್ ಹಿಂದಕ್ಕೆ ತೆಗೆದೆವು. ಮಣ್ಣಿನ ಕಣ ಸಿಕ್ಕಿದರೂ ಕಿಂಡಿಗೆ ಉಜ್ಜಬಾರದು.

ಯಾವ ಪ್ಲಾಸ್ಟಿಕ್ ಅನ್ನುವುದಕ್ಕೆ ಸ್ವಲ್ಪ ಚರ್ಚೆ ನಡೆಯಿತು. ನನ್ನ ಲೇತ್ ನಡೆಸುವ ಅಣ್ಣ ನೈಲಾನ್ ಅಂದರು, ಕೈಗೆ ಸಿಗುವುದು ಅದೇ. ನೈಲಾನ್ ನೀರು ಹೀರಿ ಊದುತ್ತದೆ. ಸಕಲೇಶಪುರದ ಜುಲೈ ಮಳೆಯಲ್ಲಿ ಬಿಗಿ, ಜನವರಿ ಬಿಸಿಲಿಗೆ ಸಡಿಲ, ಹಾಗಾಗುತ್ತದೆ. ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ರಾಡ್ ತರಿಸಿದೆವು. ಅದು ನೀರು ಹೀರುವುದು ತೀರಾ ಕಡಿಮೆ, ಜಾರುತ್ತದೆ, ಬಳುಕಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ, ಲೇತಿನಲ್ಲಿ ಬೆಣ್ಣೆಯ ಹಾಗೆ ಕೆತ್ತಬಹುದು. ನಾಲ್ಕು ಪೆನ್ನಿಗೋಸ್ಕರ ಲಕ್ಷಗಟ್ಟಲೆ ಸುರಿದು ಮೋಲ್ಡ್ ಮಾಡಿಸುವ ಮಾತೇ ಇರಲಿಲ್ಲ.

ಕ್ಲಿಪ್ಪಿಗೆ ಸ್ಟೇನ್‌ಲೆಸ್ ಸ್ಪ್ರಿಂಗ್ ಪಟ್ಟಿ, 40 ಮಿ.ಮೀ. ಉದ್ದ, 6 ಮಿ.ಮೀ. ಅಗಲ. ಮೊದಲು 0.5 ಮಿ.ಮೀ. ದಪ್ಪದ್ದು ಹಾಕಿದೆವು, ಹಿಡಿತ ಸಾಲಲಿಲ್ಲ. 0.6ಕ್ಕೆ ಹೋದೆವು. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಏನು ಮಹಾ ಅನ್ನಿಸಬಹುದು. ಆದರೆ ಬಿಗಿತ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ಅಷ್ಟಕ್ಕೇ 1.7 ಪಟ್ಟು ಗಟ್ಟಿಯಾಯಿತು. ಪಟ್ಟಿಯನ್ನು ಮೊದಲೇ 1.5 ಮಿ.ಮೀ. ಒಳಕ್ಕೆ ಬಾಗಿಸಿ ಕೂರಿಸಿದ್ದರಿಂದ ತೆಳು ಬಟ್ಟೆಯನ್ನೂ ಬಿಡುವುದಿಲ್ಲ. 4 ಮಿ.ಮೀ. ಪಟ್ಟಿಗೆ ಸಿಗಿಸಿದಾಗ ಆ ಬಾಗೂ ಸೇರಿ ತುದಿ ಒಟ್ಟು 5.5 ಮಿ.ಮೀ. ಏಳುತ್ತದೆ, ಆದರೂ ಬುಡ ಹಿಗ್ಗುವುದು ಶೇ. 0.31 ಮಾತ್ರ. ಹಳೆಯದರ ಕಾಲು ಭಾಗಕ್ಕಿಂತ ಕಡಿಮೆ. ತುದಿಯನ್ನು ಸ್ವಲ್ಪ ಮೇಲೆತ್ತಿದೆವು, ಕೈಗವಸು ಹಾಕಿದ ಕೈಯಲ್ಲೂ ಸಿಗಿಸಬಹುದು.

ಬಣ್ಣದಲ್ಲಿ ಒಂದು ತಪ್ಪು ಮಾಡಿದೆ. ಕೆಂಪು ಬೇಡ, ಹಣ್ಣಿನ ಬಣ್ಣ. ಕಪ್ಪು, ಕಂದು ದರಗಿನಲ್ಲಿ ಕಾಣುವುದಿಲ್ಲ. ತೋಟದಲ್ಲಿ ನೀಲಿ ಇಲ್ಲ ಅಂದುಕೊಂಡು ನೀಲಿ ಟೇಪ್ ಸುತ್ತಿ ಕಳಿಸಿದೆ. ಹಣ್ಣು ಹರಡುವ ಟಾರ್ಪಾಲು ನೀಲಿ ಅಲ್ವಾ! ಮೊದಲ ವಾರವೇ ಅದರ ಮೇಲೆ ಬಿದ್ದು ಯಾರ ಕಣ್ಣಿಗೂ ಕಾಣಲಿಲ್ಲ. ಈಗ ರಾಣಿ ಪಿಂಕ್ ಟೇಪ್ ಇದೆ.

ತೋಟದಲ್ಲಿ

ಮಳೆಗಾಲ ಪೂರ್ತಿ ಹಾಜರಿಗೆ, ಮಳೆ ಬುಕ್ಕಿಗೆ ಬಳಸಿದರು. ಎಳೆಯುವ ಬಲವನ್ನು ಕೊಕ್ಕೆ ಇರುವ ಕೈ ತಕ್ಕಡಿಯಲ್ಲಿ ಅಳೆಯುತ್ತಿದ್ದೆ. 700 ಗ್ರಾಂ ಸುಮಾರಿಗೆ ಇಟ್ಟಿದ್ದೆ. ಪೆನ್ನಿನ ತೂಕ 22 ಗ್ರಾಂ, ಜೀಪಿನ ಕುಲುಕಾಟಕ್ಕೆ ಅದು ಸಾಕಾಯಿತು. ನಿಬ್ ಕೆಳಗಾಗಿ ಒರೆಯ ಸಮೇತ ಕಣದ ಸಿಮೆಂಟಿನ ಮೇಲೆ ಎದೆಯ ಎತ್ತರದಿಂದ ಹತ್ತು ಸಲ ಬೀಳಿಸಿದೆವು. ಏಟನ್ನು ಭುಜ ತಿಂದಿತು. ಪೆನ್ ಮೊದಲಿನ ಹಾಗೇ ಬರೆಯಿತು.

ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದಾಗ ಒಂದು ಸಂಜೆ ಹೋಗಿ ನಿಂತೆ. ರೈಟ್ರ ಎಡಗೈ ತಕ್ಕಡಿಯ ಮೇಲೆ. ಬಲಗೈ ಪಟ್ಟಿಗೆ ಹೋಯಿತು, ಟಕ್ ಅಂತ ಪೆನ್ ಬಂತು, ತೂಕ ಬರೆದರು, ಟಕ್ ಅಂತ ಒರೆಗೆ ಹೋಯಿತು. ಅವರು ಒಮ್ಮೆಯೂ ಕೆಳಗೆ ನೋಡಲಿಲ್ಲ. ಚೀಲ ಇಳಿಸಿದ ಹೆಂಗಸೊಬ್ಬರು ಹಾಳೆಯ ಮೇಲೆ ಬಗ್ಗಿ ತಮ್ಮ ಅಂಕಿ ನೋಡಿಕೊಂಡು ಹೋದರು. ನಾನು ಆ ಕೈಯನ್ನೇ ನೋಡುತ್ತಾ ಕತ್ತಲಾಗುವವರೆಗೂ ನಿಂತಿದ್ದೆ.

ಬ್ಯಾಟರಿಯ ದೂರು ಮತ್ತೆ ಬರಲಿಲ್ಲ. ಕ್ಲಿಪ್ ಒಂದೂ ಮುರಿದಿಲ್ಲ. ಒಂದು ಒರೆ ಕಳೆದಿದೆ, ಅದು ಚೀಲದ ಸಮೇತ ಬಸ್ಸಿನಲ್ಲಿ ಬಿಟ್ಟಿದ್ದು.

ಇನ್ನೂ ಉಳಿದಿರುವುದು ಉಬ್ಬಿನ ಸವೆತ. ಜನವರಿಯಲ್ಲಿ ರೊಬಸ್ಟಾ ಕೊಯ್ಲಿನ ಹೊತ್ತಿಗೆ ಅಳೆದಾಗ 700 ಗ್ರಾಂ ಇದ್ದದ್ದು 450ಕ್ಕೆ ಇಳಿದಿತ್ತು. ಒಣಮಣ್ಣಿನ ದೂಳು ಉಬ್ಬನ್ನು ಉಜ್ಜುಗಾಗದದ ಹಾಗೆ ತಿನ್ನುತ್ತದೆ. ಆಯಸ್ಕಾಂತ ಹಾಕಿ ಅಂತ ಒಬ್ಬರು ಹೇಳಿದರು. ಆದರೆ ಸೆನ್ಸರ್ ಪಕ್ಕದಲ್ಲಿ ಆಯಸ್ಕಾಂತ ಇಡಲು ನನಗೆ ಮನಸ್ಸು ಬರಲಿಲ್ಲ. ಡೆಲ್ರಿನ್ ಉಬ್ಬಿನ ಬದಲು ಬಾಯಿಯ ಸುತ್ತ ತೆಳು ಸ್ಟೀಲ್ ತಂತಿಯ ಬಳೆ ಕೂರಿಸಿದ ಎರಡು ಒರೆ ಮಾಡಿದ್ದೇನೆ. ಒಂದು ರೈಟ್ರ ಹತ್ತಿರ ಇದೆ, ಇನ್ನೊಂದು ಮೇಸ್ತ್ರಿಯ ಹತ್ತಿರ. ಅವರು ಈಗ ಗಿಡ ಸವರುವ ಕಪಾತಿನ ಲೆಕ್ಕ ತಾವೇ ಬರೆಯುತ್ತಿದ್ದಾರೆ. ಅವರ ಬೆಲ್ಟಿನಲ್ಲಿ ಕತ್ತಿಯ ಕೊಕ್ಕೆಯ ಪಕ್ಕದಲ್ಲೇ ಪೆನ್ನಿನ ಒರೆಯೂ ಇದೆ.